ಹರಿಗೋಲಿನಲ್ಲಿ ಕಲಿತ ಕೂಗು

ವಾರಾಣಸಿಯನ್ನು ನೋಡದೆಯೇ ಹನ್ನೊಂದು ವರ್ಷ ಅದರ ಪಾಠ ಮಾಡಿದವಳು ನಾನು. ಸುರಪುರ ತಾಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ. ಬೋರ್ಡಿನ ಮೇಲೆ ಮೊದಲು ಗಂಗೆಯನ್ನು ಎಳೆಯುತ್ತಿದ್ದೆ. ಪೂರ್ವಕ್ಕೆ ಹರಿಯುವ ನದಿ ಈ ಊರಿನ ಬಳಿ ಬಾಗಿ ಉತ್ತರಕ್ಕೆ ತಿರುಗುತ್ತದೆ. ಎಡದಂಡೆ ಸುಣ್ಣದ ಹರಳು ಬೆರೆತ ಗಟ್ಟಿ ಮಣ್ಣಿನ ದಿಬ್ಬ, ನದಿ ಅದನ್ನು ಕೊರೆಯಲಾರದು, ಅದಕ್ಕೇ ಊರೆಲ್ಲ ಆ ದಂಡೆಯ ಮೇಲಿದೆ. ಬಲದಂಡೆ ತಗ್ಗು, ಮಳೆಗಾಲದಲ್ಲಿ ಮುಳುಗುವ ಮರಳು, ಅದಕ್ಕೇ ಅಲ್ಲಿ ಮನೆಗಳಿಲ್ಲ. ಉತ್ತರಕ್ಕೆ ವರುಣಾ, ದಕ್ಷಿಣಕ್ಕೆ ಅಸಿ, ಎರಡು ಸಣ್ಣ ಗೆರೆ. ಮೆಟ್ಟಿಲುಗಳಿಗೆ ಅಡ್ಡಗೀಟು. ಮಕ್ಕಳು ಅದನ್ನು ಬಿಡಿಸಿಕೊಳ್ಳುತ್ತಿದ್ದರು.

ಈಗಲೂ ಅದೇ ಪಾಠ, ಅದೇ ಗೆರೆ. ಆದರೆ ಒಂದು ಜಾಗದಲ್ಲಿ ಸೀಮೆಸುಣ್ಣ ನಿಲ್ಲುತ್ತದೆ. ಮೆಟ್ಟಿಲಿಗೂ ಮರಳಿಗೂ ನಡುವೆ, ಮೆಟ್ಟಿಲಿಗೆ ತುಸು ಹತ್ತಿರ. ಅಲ್ಲಿ ನನ್ನ ಅವ್ವ ಮಗುಚಿದ ದೋಣಿಯ ಕೆಳಗೆ ಇದ್ದಳು. ಅವಳನ್ನು ಅಲ್ಲಿಂದ ಎಳೆದು ತಂದವನು ಆ ದೋಣಿಯವನು. ಅವನ ದೋಣಿಯನ್ನು ಅದೇ ದಿನ ನಾನು ನನ್ನ ಕೈಬರಹದಿಂದ ಕಸಿದುಕೊಂಡೆ. ಇದನ್ನು ಬೋರ್ಡಿನ ಮೇಲೆ ಬರೆಯಲಾಗುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಊರು ಕೃಷ್ಣೆಯ ದಂಡೆಯಲ್ಲಿದೆ, ನಾರಾಯಣಪುರದ ಡ್ಯಾಮಿನಿಂದ ಕೆಳಗೆ. ಆಚೆ ದಂಡೆ ರಾಯಚೂರು ಜಿಲ್ಲೆ. ನಾನು ಚಿಕ್ಕವಳಿದ್ದಾಗ ಸೇತುವೆ ಇರಲಿಲ್ಲ. ಕೂಲಿಗೆ, ಬೀಗರ ಮನೆಗೆ, ಹೆರಿಗೆಗೆ, ಸಾವಿಗೆ, ಎಲ್ಲದಕ್ಕೂ ಹರಿಗೋಲೇ ಗತಿ. ದೊಡ್ಡ ಬಿದಿರಿನ ಬುಟ್ಟಿ, ಅದರ ಹೊರಮೈಗೆ ಎಮ್ಮೆಯ ತೊಗಲು. ಆ ತೊಗಲನ್ನು ಹದ ಮಾಡಿ ಬಿಗಿದು ಕೊಡುತ್ತಿದ್ದುದು ನಮ್ಮ ಅಜ್ಜನ ಮನೆ. ತೊಗಲು ನಮ್ಮದಾದರೂ ಹತ್ತುವ ಪಾಳಿ ನಮ್ಮದು ಕಡೆಯದು. ಊರವರು ಕೂತ ಹರಿಗೋಲಿಗೆ ನಾವು ಕಾಲಿಡುವಂತಿರಲಿಲ್ಲ. ಅವರೆಲ್ಲ ದಾಟಿದ ಮೇಲೆ ಕೇರಿಯವರಿಗೆಂದು ಒಂದು ಹರಿಗೋಲು. ಹಾಗಾಗಿ ನಾವು ಯಾವತ್ತೂ ನಾವು ನಾವೇ ದಾಟಿದವರು, ಹತ್ತು ಹನ್ನೆರಡು ಜನ, ಕುಕ್ಕುರುಗಾಲಲ್ಲಿ ಸುತ್ತ ಕೂತು, ಒಬ್ಬರ ಮೊಳಕೈ ಇನ್ನೊಬ್ಬರ ಪಕ್ಕೆಗೆ ತಾಗಿಸಿಕೊಂಡು.

ಹೀಗೆ ದಾಟುವವರಲ್ಲಿ ಒಂದು ಕಟ್ಟುನಿಟ್ಟಿನ ರೂಢಿ ಇತ್ತು. ಸೆಳವು ಜೋರಿದ್ದಾಗ ಹರಿಗೋಲಿನ ಒಂದು ಅಂಚು ತಗ್ಗಿ ನೀರು ಒಳಗೆ ನುಗ್ಗುತ್ತದೆ. ನೀರನ್ನು ಮೊದಲು ಕಂಡವರು "ಎದುರ ಕಡಿ" ಎಂದು ಕೂಗಬೇಕು. ಕೂಗು ಬಿದ್ದ ಕ್ಷಣ ಆ ಅಂಚಿನವರೆಲ್ಲ ಎದುರಿನ ಅಂಚಿಗೆ ಸರಿಯಬೇಕು. ಯಾಕೆ ಎಂದು ಕೇಳಬಾರದು, ತಿರುಗಿ ನೋಡಬಾರದು. ತಗ್ಗಿದ ಅಂಚು ಏಳುತ್ತದೆ. ದುಂಡಗಿನ ಅಗಲ ಬುಟ್ಟಿ ಅದನ್ನು ತಾಳಿಕೊಳ್ಳುತ್ತದೆ. ತಡ ಮಾಡಿದವರ ಬೆನ್ನಿಗೆ ಏಟು ಬೀಳುತ್ತಿತ್ತು. ನನಗೆ ಓದು ಬರುವ ಮೊದಲು ಈ ಕೂಗು ಬಂದಿತ್ತು.

ಆಮೇಲೆ ಕಾಲುವೆ ಬಂತು. ಕೃಷ್ಣೆಯ ನೀರು ಡ್ಯಾಮಿನ ಬಲಗಡೆಯೂ ಎಡಗಡೆಯೂ ಹರಿಯಿತು, ಶಹಾಪುರದ ಆಚೆಗೂ ಮುಟ್ಟಿತು. ಜೋಳ, ತೊಗರಿ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ನಿಂತಿತು. ನೆಲ ಮೊದಲು ಯಾರದಿತ್ತೋ ಅವರದೇ ಉಳಿಯಿತು. ನಮ್ಮ ಕೇರಿಯ ಹೆಂಗಸರಿಗೆ ನಾಟಿ ಮಾಡುವ ಕೂಲಿ ಸಿಕ್ಕಿತು, ಅದನ್ನೇ ಎಲ್ಲರೂ ಅಭಿವೃದ್ಧಿ ಎಂದರು. ನನ್ನ ಸೋದರಮಾವನಿಗೆ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸ ಆಯಿತು. ಅಂದಿನಿಂದ ಮಾವ ನೀರಿನ ಬಗ್ಗೆ ಸಾಹೇಬರಂತೆ ಮಾತಾಡತೊಡಗಿದ. ಸೇತುವೆಯೂ ಆಯಿತು. ಹರಿಗೋಲುಗಳು ದಂಡೆಯ ಮೇಲೆ ಬೋರಲು ಬಿದ್ದು ಕೋಳಿ ಮುಚ್ಚುವ ಬುಟ್ಟಿಗಳಾದವು.

ಕೂಗು ಮಾತ್ರ ಉಳಿಯಿತು. ಹೆಂಗಸರು ನಾಟಿಗೆ ಟಂಟಂನಲ್ಲಿ ಹೋಗುತ್ತಾರೆ. ಮೂರು ಗಾಲಿಯ ಆ ಗಾಡಿಯಲ್ಲಿ ಹದಿನಾಲ್ಕು ಜನ. ಕಾಲುವೆ ದಂಡೆಯ ರಸ್ತೆಯಲ್ಲಿ ತಗ್ಗು ಬಂದು ಗಾಡಿ ಒಂದು ಕಡೆ ವಾಲಿದರೆ ಯಾರಾದರೂ "ಎದುರ ಕಡಿ" ಎನ್ನುತ್ತಾರೆ, ಎಲ್ಲರೂ ಒಮ್ಮೆಲೇ ಸರಿಯುತ್ತಾರೆ, ನಗುತ್ತಾರೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಯರೂ ಒಂದು ವಾರದಲ್ಲಿ ಕಲಿತುಬಿಡುತ್ತಾರೆ. ನಾನೂ ನಗುತ್ತಿದ್ದೆ.

ಅಪ್ಪ ಇದ್ದ ಕಾಲದಲ್ಲೇ ನಮ್ಮ ಮನೆಯೂ ಸೇರಿ ಕೇರಿಯ ಕೆಲವು ಮನೆಯವರು ಬೌದ್ಧರಾಗಿದ್ದರು. ಒಂದು ದಿನ ಶಹಾಪುರದಿಂದ ಬಸ್ಸಿನಲ್ಲಿ ಬರುವಾಗ, ಮಲಗಿದ ಬುದ್ಧನಂತೆ ಕಾಣುವ ಅಲ್ಲಿಯ ಗುಡ್ಡವನ್ನು ನೋಡುತ್ತ ಅವ್ವ ಹೇಳಿದಳು: "ಈ ಮಲಗಿದ ಬುದ್ಧನ್ನ ನೋಡಿ ನೋಡಿ ಸಾಕಾತು. ಎದ್ದು ಕುಂತು ಮಾತಾಡಿದ ಜಾಗ ಅದ ಅಂತೀಯಲ್ಲ, ಅದನ್ನ ಒಮ್ಮಿ ತೋರಸು."

ಆ ಜಾಗ ಸಾರನಾಥ, ವಾರಾಣಸಿಯ ಮಗ್ಗುಲಲ್ಲಿದೆ. ದಸರೆ ರಜೆಗೆ ಹೊರಡುವುದೆಂದಾಯಿತು. ಅವ್ವ ಹೊರಟರೆ ಕೇರಿ ಹೊರಡದೇ ಇರುತ್ತದೆಯೇ? ಹನ್ನೆರಡು ಜನ ಆದೆವು. ಮಾವ, ಅವನ ಹೆಂಡತಿ, ನಾಟಿ ಗುಂಪಿನ ಹೆಂಗಸರು. ಎಲ್ಲರೂ ನಲವತ್ತು ದಾಟಿದವರು, ಎಲ್ಲರೂ ಹರಿಗೋಲಿನಲ್ಲಿ ಬೆಳೆದವರು. ನಾನೊಬ್ಬಳೇ ಕಾಲೇಜು ಓದಿದವಳು, ಆದ್ದರಿಂದ ನಾನೇ ಮುಂದಾಳು.

ಯಾದಗಿರಿ ಸ್ಟೇಷನ್ನಿನಲ್ಲಿ ಗಾಡಿ ಹತ್ತುವಾಗಲೇ ಮಾವ ಶುರು ಮಾಡಿದ: "ಅಕ್ಕೋರ, ಹಾಜರಿ ತಗೋರಿ. ಒಂದ ಮಂದಿ ತಪ್ಪಿದ್ರ ನಿಮ್ಮ ಇನ್‌ಕ್ರಿಮೆಂಟ್ ಕಟ್."

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ನೌಕರಿ ಸಿಕ್ಕ ದಿನದಿಂದ ಮಾವ ನನ್ನ ಹೆಸರು ಹಿಡಿದು ಕರೆದಿಲ್ಲ. ಅರ್ಧ ಹೆಮ್ಮೆ, ಅರ್ಧ ಛೇಡಿಸುವುದು. ದಾರಿಯುದ್ದಕ್ಕೂ ನಾನು ಪಾಠ ಮಾಡಿದೆ. ಅದು ಹೊಳೆಯ ವ್ಯಾಪಾರದಿಂದ ಬೆಳೆದ ಊರು, ಬುದ್ಧ ಬರುವ ಮೊದಲೇ ಅಲ್ಲಿ ಬಟ್ಟೆಯ ಪೇಟೆ ಇತ್ತು, ಈಗ ಕಾಣುವ ಮೆಟ್ಟಿಲುಗಳು ಅಷ್ಟು ಹಳೆಯವಲ್ಲ, ಬಹಳಷ್ಟು ಮರಾಠಾ ದೊರೆಗಳು, ಸರದಾರರು ಕಟ್ಟಿಸಿದವು, ಅಂತೆಲ್ಲ. ಹೆಂಗಸರು ಚುರುಮುರಿ ತಿನ್ನುತ್ತ ಕೇಳಿದರು. ಒಬ್ಬಳು ಅವ್ವನಿಗೆ, "ನಿನ್ನ ಮಗಳಿಗಿ ಬಾಯಿ ನೋಯಾಂಗಿಲ್ಲೇನ" ಎಂದಳು. ಅವ್ವನ ಮುಖದಲ್ಲಿ ಆಗ ಇದ್ದ ಸಂತೋಷವನ್ನು ನಾನು ಮತ್ತೆ ನೋಡಿಲ್ಲ.

ಮೊದಲ ದಿನ ಸಾರನಾಥ. ಸ್ತೂಪದ ಕೆಳಭಾಗ ಕೆತ್ತನೆಯ ಕಲ್ಲು, ಮೇಲ್ಭಾಗ ಇಟ್ಟಿಗೆ. ಬೇರೆ ದೇಶದ ಭಿಕ್ಷುಗಳು ಸುತ್ತ ಕೂತು ಮಂತ್ರ ಹೇಳುತ್ತಿದ್ದರು. ಅವ್ವ ಚಪ್ಪಲಿ ಬಿಟ್ಟು ಸ್ತೂಪಕ್ಕೆ ಅಂಗೈ ಒತ್ತಿ ನಿಂತಳು, ಜ್ವರ ನೋಡುವವರ ಹಾಗೆ. ಮಾವ ಮಾತ್ರ ಇಟ್ಟಿಗೆ ಎಣಿಸುತ್ತಿದ್ದ.

"ಇದನ್ನ ಯಾವ ಗುತ್ತೇದಾರ ಕಟ್ಯಾನ ಕೇಳ್ರಿ ಅಕ್ಕೋರ. ನಮ್ಮ ಕಾಲವಿ ಲೈನಿಂಗ ಮೂರ ವರ್ಷಕ್ಕ ಒಡದು ನಿಂತದ."

ಪಕ್ಕದಲ್ಲೇ ಇನ್ನೊಂದು ಸ್ತೂಪದ ಬುಡ ಮಾತ್ರ ಉಳಿದಿದೆ. ಯಾರೋ ಅದನ್ನು ಕೆಡವಿ, ಇಟ್ಟಿಗೆ ಒಯ್ದು ಊರೊಳಗೆ ಪೇಟೆ ಕಟ್ಟಿದರೆಂದು ಓದಿದ್ದೆ. ಅದನ್ನು ಹೇಳಿದೆ. ಅವ್ವ, "ನಮ್ಮ ಸನ್ನತಿ ಕಲ್ಲು ಎಷ್ಟ ಮನಿ ಗ್ವಾಡಿಗಿ ಹೋಗ್ಯಾವೋ" ಎಂದಳು. ಭೀಮೆಯ ದಂಡೆಯ ಸನ್ನತಿಯಲ್ಲೂ ಒಂದು ದೊಡ್ಡ ಸ್ತೂಪ ಇತ್ತು. ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನನ್ನ ಪಾಠಗಳಲ್ಲಿ ಬೇಕಾದ್ದನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತಿದ್ದಳು.

ಮರುದಿನ ಬೆಳಗ್ಗೆ ಊರೊಳಗೆ. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಬೇಕಾದ ಓಣಿಗಳು, ನಡುವೆ ಅಲುಗದೆ ನಿಂತ ಹೋರಿಗಳು. ಒಂದು ಮೊಹಲ್ಲಾದಲ್ಲಿ ಮನೆ ಮನೆಯೊಳಗಿಂದ ಮಗ್ಗದ ಸದ್ದು ಬರುತ್ತಿತ್ತು. ಬಾಗಿಲಲ್ಲಿ ನಿಂತು ಇಣುಕಿದ ಅವ್ವನನ್ನು ಒಬ್ಬ ಮುದುಕ ನೇಕಾರ ಒಳಗೆ ಕರೆದು ತೋರಿಸಿದ. ಜರಿಯ ಎಳೆ ಹಿಡಿದಿದ್ದ ಅವನ ಬೆರಳ ತುದಿಗಳು ಒಡೆದಿದ್ದವು. ಅವ್ವ ತನ್ನ ಬೆರಳು ತೋರಿಸಿದಳು, ನಾಟಿಯ ಕೆಸರಲ್ಲಿ ಒಡೆದವು. ಇಬ್ಬರೂ ನಕ್ಕರು. ನಮ್ಮವರ ಉರ್ದು ಕೇಳಿ ಅವನು ಯಾವ ಕಡೆಯವರೆಂದು ವಿಚಾರಿಸಿದ. ಮಾವ, "ಹೈದರಾಬಾದ್ ಸರ್ಕಾರ್ ಕೇ ಲೋಗಾಂ ಹೈ ಹಮ್" ಎಂದ, ನಾವು ಹೈದರಾಬಾದ್ ಸರ್ಕಾರದ ಮಂದಿ ಅಂತ, ನಿಜಾಮ ಇನ್ನೂ ಗಾದಿಯ ಮೇಲೆ ಇದ್ದಾನೇನೋ ಎಂಬಂತೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಆ ಊರಿನ ಮಾತು ನಮ್ಮಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು. ಮುಂದೆ ನಾನು ತಿಳಿಯಲಿಲ್ಲ, ಕೇಳಿಸಲಿಲ್ಲ ಎಂದದ್ದಕ್ಕೆ ಯಾವ ನೆಪವೂ ಇಲ್ಲ.

ಓಣಿ ಮುಗಿದಲ್ಲಿ ಒಮ್ಮೆಲೇ ನದಿ. ಮೇಲೆ ಕೋಟೆಯಂಥ ಮನೆಗಳು, ಕೆಳಗೆ ಕಡಿದಾದ ಮೆಟ್ಟಿಲು. ಗೋಡೆಗಳ ಮೇಲೆ ಹಿಂದಿನ ಮಹಾಪೂರಗಳ ಮಟ್ಟ ಗುರುತು ಮಾಡಿದ್ದರು, ನಮ್ಮ ತಲೆಯ ಮೇಲೆ ಇನ್ನೆರಡು ಆಳು ಎತ್ತರಕ್ಕೆ. ಮಳೆಗಾಲದ ಹೂಳನ್ನು ಪೈಪಿನ ನೀರು ಹಾಯಿಸಿ ಮೆಟ್ಟಿಲಿನಿಂದ ತೊಳೆಯುತ್ತಿದ್ದರು. ದೂರದಲ್ಲಿ ಹೆಣ ಸುಡುವ ಹೊಗೆ. ನದಿ ಇನ್ನೂ ತುಂಬಿ ಹರಿಯುತ್ತಿತ್ತು.

ಮಾವ ಕೈ ಕಟ್ಟಿ ನೋಡಿದ. "ಇದರ ಗೇಟ ಎಲ್ಲಿ ಅದ?"

"ಇದಕ್ಕ ಗೇಟ ಇಲ್ಲ ಮಾವ."

"ಮತ್ತ ಇಷ್ಟ ನೀರಿಗಿ ಯಾರ ಮಾತ ಕೇಳಂತ ಹೇಳ್ಯಾರ?"

ಆಚೆ ದಂಡೆಯ ಮರಳಿನಿಂದ ನೋಡಿದರೆ ಊರಿನ ಬಾಗು ಪೂರ್ತಿ ಕಾಣುತ್ತದೆ, ನಾನು ಬೋರ್ಡಿನ ಮೇಲೆ ಎಳೆಯುವುದು ಹಾಗೇ ಇದೆಯೇ ಎಂದು ನೋಡಬೇಕಿತ್ತು. ದೋಣಿ ಬೇಕೆಂದವಳು ನಾನೇ.

ದೋಣಿಯವನಿಗೆ ನಲವತ್ತೈದು ಇರಬಹುದು. ಬಿಸಿಲಿಗೆ ಕಪ್ಪಾದ ಮೈ, ತಲೆಗೆ ಕೆಂಪು ಚೌಕಳಿಯ ಟವಲು. ಅವನ ಹೆಸರು ನಾನು ಕೇಳಲಿಲ್ಲ. ಹುಟ್ಟು ಹಾಕುವ ದೋಣಿ, ಉದ್ದ, ಇಕ್ಕಟ್ಟು. ನಮ್ಮನ್ನು ಎಣಿಸಿ ಅವನು ತಲೆಯಾಡಿಸಿದ. ಆರು ಜನ ನನ್ನದರಲ್ಲಿ, ಆರು ಜನ ನನ್ನ ತಮ್ಮನದರಲ್ಲಿ, ಎಂದ.

ಹೆಂಗಸರು ಒಪ್ಪಲಿಲ್ಲ. ಮಾವನೂ ಒಪ್ಪಲಿಲ್ಲ. "ಬ್ಯಾರೆ ಬ್ಯಾರೆ ಯಾಕ? ನಾವು ಹುಟ್ಟಿದಾಗಿಂದ ಕೂಡೇ ದಾಟಿದವ್ರು. ಹೇಳ್ರಿ ಅಕ್ಕೋರ ಅಂವಗ."

ನಾನು ಹೇಳಿದೆ. ಹೇಳಿದ್ದಷ್ಟೇ ಅಲ್ಲ, ಬೇಡಿಕೊಂಡೆ, ಸ್ವಲ್ಪ ಜಂಬವನ್ನೂ ಕೊಚ್ಚಿದೆ. ನಾವು ನದಿಯ ಜನ ಅಣ್ಣ, ನೀರು ನಮಗೆ ಹೊಸದಲ್ಲ, ಎಂದೆ. ಅವನು ನಮ್ಮ ಮುಖಗಳನ್ನೂ ನದಿಯನ್ನೂ ಒಮ್ಮೆ ನೋಡಿದ. ಕೊನೆಗೆ ಒಪ್ಪಿ, ಯಾರು ಎಲ್ಲಿ ಕೂರಬೇಕೆಂದು ತಾನೇ ತೋರಿಸಿದ, ದಪ್ಪ ಇರುವವರನ್ನು ನಡುವೆ ಕೂರಿಸಿದ. ಹಗ್ಗ ಬಿಚ್ಚುವ ಮೊದಲು ಒಂದೇ ಮಾತು ಹೇಳಿದ: "ಕುಛ್ ಭೀ ಹೋ, ಬೈಠೇ ರಹನಾ. ಕೋಯೀ ಹಿಲೇಗಾ ನಹೀಂ."

ಎಲ್ಲರಿಗೂ ತಿಳಿದಿತ್ತು. ಆದರೂ ಅಕ್ಕೋರಲ್ಲವೇ ನಾನು, ಕನ್ನಡದಲ್ಲಿ ಇನ್ನೊಮ್ಮೆ ಹೇಳಿದೆ. "ಏನಾರ ಆಗಲಿ, ಕುಂತಲ್ಲೇ ಕುಂದ್ರಬೇಕಂತ. ಯಾರೂ ಅಲಗಾಡಬಾರ್ದಂತ." ಎಲ್ಲರೂ ಹೂಂ ಎಂದರು.

ಅರ್ಧ ಹೊಳೆಯೂ ದಾಟಿರಲಿಲ್ಲ. ನಾನು ಊರಿನ ಕಡೆ ಮುಖ ಮಾಡಿ ಕೈ ಚಾಚಿ, ನೋಡ್ರಿ, ಇಲ್ಲಿಂದ ನದಿ ಉತ್ತರಕ್ಕ ತಿರಗತದ, ಅಂತ ಹೇಳುತ್ತಿದ್ದೆ. ಆ ಚಾಚಿದ ಕೈ ಈಗಲೂ ನನ್ನ ಕಣ್ಣಿಗೆ ಮೊದಲು ಕಾಣುತ್ತದೆ. ಬೆನ್ನ ಹಿಂದೆ ಎಂಜಿನ್ನಿನ ದೊಡ್ಡ ದೋಣಿಯೊಂದು ಹಾದು ಹೋಯಿತು. ಅದರ ಅಲೆ ನಮ್ಮ ಎಡಮಗ್ಗುಲಿಗೆ ಬಂದು ಹೊಡೆಯಿತು. ದೋಣಿ ವಾಲಿತು. ನೀರು ಅವ್ವನ ಮಡಿಲಿಗೆ ಸುರಿಯಿತು. ಒಂದು ಕೊಡದಷ್ಟು, ಅದಕ್ಕಿಂತ ಹೆಚ್ಚಲ್ಲ. ಅವ್ವ ಎರಡು ಕೈಯಲ್ಲೂ ಹಲಗೆ ಹಿಡಿದಿದ್ದಳು. ಅವಳು ಸರಿದಿರಲಿಲ್ಲ. ಇದನ್ನು ನಾನು ನೋಡಿದೆ.

ನೋಡಿಯೂ ಕೂಗಿದೆ. "ಎದುರ ಕಡಿ."

ದೋಣಿಯವನೂ ಅದೇ ಗಳಿಗೆಯಲ್ಲಿ ಕೂಗಿದ, ಬೈಠೋ, ಬೈಠೋ. ನಲವತ್ತು ವರ್ಷ ಒಂದೇ ಕೂಗಿಗೆ ಸರಿದ ಮೈಗಳು ಅವನ ಮಾತನ್ನು ಕೇಳಲಿಲ್ಲ, ನನ್ನದನ್ನು ಕೇಳಿದವು. ಎಲ್ಲರೂ ಒಟ್ಟಿಗೆ ಬಲಗಡೆಗೆ ಸರಿದೆವು. ಅಲೆ ಹಾದು ಹೋಗಿ ದೋಣಿ ತಾನಾಗಿಯೇ ಆ ಕಡೆಗೆ ಮರಳುತ್ತಿತ್ತು. ಸುಮ್ಮನಿದ್ದರೆ ಎರಡು ಸಲ ತೂಗಾಡಿ ನಿಲ್ಲುತ್ತಿತ್ತು. ಅದರ ಮೇಲೆ ನಮ್ಮ ಭಾರ ಬಿತ್ತು. ಹರಿಗೋಲಾಗಿದ್ದರೆ ತಾಳಿಕೊಳ್ಳುತ್ತಿತ್ತು. ಇದು ಇಕ್ಕಟ್ಟಿನ ದೋಣಿ, ಪುಸ್ತಕದ ಹಾಳೆ ಮಗುಚಿದಷ್ಟು ಸುಲಭವಾಗಿ ಮಗುಚಿತು.

ನೀರಿನೊಳಗೆ ಎಷ್ಟು ಹೊತ್ತು ಇದ್ದೆನೋ ತಿಳಿಯದು. ಯಾರದೋ ಸೆರಗು ಮುಖಕ್ಕೆ ಸುತ್ತಿಕೊಂಡಿತ್ತು, ಯಾರದೋ ಕಾಲು ನನ್ನ ಹೆಗಲನ್ನು ಒದೆಯುತ್ತಿತ್ತು. ಒಂದು ಹುಟ್ಟು ಕೈಗೆ ಸಿಕ್ಕಿತು. ತಲೆ ಮೇಲೆ ಬಂದಾಗ ಸುತ್ತಲೂ ಬೇರೆ ದೋಣಿಗಳು ಬಂದಿದ್ದವು, ಕೂದಲು ಹಿಡಿದು, ರವಿಕೆ ಹಿಡಿದು ಒಬ್ಬೊಬ್ಬರನ್ನೇ ಎತ್ತಿ ಹಾಕುತ್ತಿದ್ದರು. ನಾನು ಎಣಿಸಿದೆ. ನನ್ನನ್ನೂ ಸೇರಿಸಿ ಹನ್ನೊಂದು. ಮತ್ತೆ ಎಣಿಸಿದೆ, ಹನ್ನೊಂದು. ಅವ್ವ ಇಲ್ಲ.

ದೋಣಿಯವನು ಮಗುಚಿದ ದೋಣಿಯ ಬೆನ್ನು ಹಿಡಿದು ತೇಲುತ್ತಿದ್ದ. ನನ್ನ ಮುಖ ನೋಡಿ ಅವನಿಗೆ ಅರ್ಥವಾಯಿತು. ಏನೂ ಕೇಳದೆ ಮುಳುಗಿದ. ಬರಿಗೈಯಲ್ಲಿ ಮೇಲೆ ಬಂದ. ಉಸಿರು ತೆಗೆದುಕೊಂಡು ಮತ್ತೆ ಮುಳುಗಿದ. ಆ ಎರಡನೆಯ ಮುಳುಗು ನನ್ನೊಳಗೆ ಇನ್ನೂ ಮುಗಿದಿಲ್ಲ. ತರಗತಿಯಲ್ಲಿ, ಬಸ್ಸಿನಲ್ಲಿ, ಅನ್ನ ಕಲಸುವಾಗ ನಾನು ಅವನು ಮೇಲೆ ಬರುವುದನ್ನೇ ಕಾಯುತ್ತಿರುತ್ತೇನೆ. ಅವನು ಬಂದ. ಅವ್ವನ ಹೆರಳು ಅವನ ಮುಷ್ಟಿಯಲ್ಲಿತ್ತು. ಅವಳ ಎರಡು ಕೈಗಳೂ ಇನ್ನೂ ಹಲಗೆ ಹಿಡಿದ ಹಾಗೇ ಮಡಚಿಕೊಂಡಿದ್ದವು. ಕೂತಲ್ಲೇ ಕೂತಿರಬೇಕೆಂಬ ಮಾತನ್ನು ಅವಳೊಬ್ಬಳೇ ಪಾಲಿಸಿದ್ದಳು, ಅದಕ್ಕೇ ದೋಣಿಯ ಜೊತೆಗೇ ಕೆಳಗೆ ಹೋಗಿದ್ದಳು.

ಮೆಟ್ಟಿಲ ಮೇಲೆ ಬೋರಲು ಹಾಕಿ ಬೆನ್ನು ಒತ್ತಿದ. ನೀರು ಬಂತು, ಆಮೇಲೆ ಕೆಮ್ಮು ಬಂತು. ತನ್ನ ಕೆಂಪು ಟವಲನ್ನು ಹಿಂಡಿ ಅವಳ ತಲೆಗೆ ಸುತ್ತಿದ. "ಮಾಯಿ, ಸಾಂಸ್ ಲೋ," ಎನ್ನುತ್ತಿದ್ದ, ಉಸಿರು ತಗೋ ತಾಯಿ ಅಂತ, ಮೆಲ್ಲಗೆ, ಮತ್ತೆ ಮತ್ತೆ.

ಅಷ್ಟರಲ್ಲಿ ಪೊಲೀಸರು ಬಂದರು. ಅವ್ವನನ್ನು ಒಂದು ಸಣ್ಣ ದವಾಖಾನೆಗೆ ಕಳಿಸಿ, ನನ್ನನ್ನೂ ಮಾವನನ್ನೂ ದೋಣಿಯವನನ್ನೂ ಮೆಟ್ಟಿಲ ಮೇಲಿನ ಚೌಕಿಗೆ ಕರೆದರು. ಹವಾಲ್ದಾರ ಮೊದಲು ಅವನ ಕಪಾಳಕ್ಕೆ ಒಂದು ಬಿಟ್ಟ. ಆಮೇಲೆ ಕಾಗದ ತೆಗೆದ. ಬಾರಿಸಿದ ಮೇಲೆ ಬರೆಯುವುದು ನಮ್ಮ ಸೀಮೆಯ ಠಾಣೆಗಳಲ್ಲೂ ಕಂಡದ್ದೇ, ಆ ಒಂದು ವಿಷಯದಲ್ಲಿ ದೇಶ ಒಂದೇ ಇದೆ.

ದೋಣಿಯವನು ಕೆನ್ನೆ ಮುಟ್ಟಿಕೊಳ್ಳಲಿಲ್ಲ. ನನ್ನ ಕಡೆ ಕೈ ತೋರಿಸಿ ಹೇಳಿದ: "ಈ ಮೇಡಂ ಅವರನ್ನು ಕೇಳಿ ಸಾಹೇಬ. ಇವರು ಓದಿದವರು. ನಾನು ಎರಡು ದೋಣಿ ಮಾಡಿ ಅಂದೆ. ಅಲುಗಬೇಡಿ ಅಂದೆ. ಇವರೇ ಎಲ್ಲರಿಗೂ ತಿಳಿಸಿ ಹೇಳಿದರು." ಅವನ ಹಿಂದಿ ಸೀದಾ ಇತ್ತು, ಒಂದು ಪದವೂ ನನಗೆ ತಪ್ಪಲಿಲ್ಲ.

ಹವಾಲ್ದಾರ ನನಗೆ ಕುರ್ಚಿ ಕೊಟ್ಟ. ಎಷ್ಟು ಜನ ಕೂತಿದ್ದಿರಿ, ಎಂದ. ಹನ್ನೆರಡು, ಎಂದೆ. ಅವನು ಎಚ್ಚರಿಕೆ ಕೊಟ್ಟಿದ್ದನೇ, ಎಂದ.

ಮಾವ ನನ್ನ ಹಿಂದೆ ನಿಂತು ಮೈಯಿಂದ ನೀರು ಸುರಿಸುತ್ತಿದ್ದ. ಕನ್ನಡದಲ್ಲಿ ಕಿವಿಯ ಹತ್ತಿರ ಹೇಳಿದ. ಅಕ್ಕೋರ ಎನ್ನಲಿಲ್ಲ, ಹೆಸರು ಹಿಡಿದು ಕರೆದ. "ನೌಕರಿ ಮನಷ್ಯಾಳ ಅದೀ ನೀ. ನಮ್ದ ತಪ್ಪಂತ ಬರದ್ರ ಕೇಸ ಆಗ್ತದ, ತಾರೀಖಿಗಿ ಇಲ್ಲಿಗಿ ಬರಾಕ ಆಗ್ತದೇನು. ಅಂವ ಇಲ್ಲ್ಯಾವ, ಹ್ಯಾಂಗರ ಬಿಡಿಸ್ಕೋತಾನ."

ಮಾವನ ಮೇಲೆ ಇದನ್ನು ಹೊರಿಸುವುದು ಸುಲಭ. ಆದರೆ ಮಾವ ಬಾಯಿ ತೆರೆಯುವ ಮೊದಲೇ ನಾನು ನಿಶ್ಚಯ ಮಾಡಿದ್ದೆ. ಕೋರ್ಟಿನ ತಾರೀಖಿನ ಹೆದರಿಕೆ ನನಗಿರಲಿಲ್ಲ. ಕೂಗಿದವಳು ನಾನು ಎಂದು ಹೇಳಬೇಕಾಗುತ್ತದಲ್ಲ, ಅದರ ಹೆದರಿಕೆ ಇತ್ತು. ಕೇರಿಯ ಮೊದಲ ಪದವೀಧರೆ, ನದಿಗಳ ಪಾಠ ಹೇಳುವವಳು, ತಾನೇ ಕನ್ನಡಕ್ಕೆ ತಿರುಗಿಸಿ ಹೇಳಿದ ಮಾತನ್ನು ಒಂದು ಕೊಡ ನೀರಿಗೆ ಮರೆತಳು ಎಂದು ಬಾಯಿಬಿಟ್ಟು ಹೇಳಲು ಆಗಲಿಲ್ಲ.

"ಗದ್ದಲದಲ್ಲಿ ನನಗೆ ಏನೂ ಕೇಳಿಸಲಿಲ್ಲ," ಎಂದೆ.

ಹವಾಲ್ದಾರ ಕಾಗದವನ್ನು ನನ್ನ ಕಡೆ ತಳ್ಳಿದ, ನಿಮ್ಮ ಹಿಂದಿ ಚೆನ್ನಾಗಿದೆ, ನೀವೇ ಬರೆದುಬಿಡಿ, ಎಂದ. ಬರೆದೆ. ನಾವಿಕನು ಮಿತಿಮೀರಿ ಜನರನ್ನು ಕೂರಿಸಿದ್ದರಿಂದ ಅಲೆಗೆ ದೋಣಿ ಮಗುಚಿತು. ಒಂದೂ ಕಾಗುಣಿತದ ತಪ್ಪಿಲ್ಲ. ಕೆಳಗೆ ಸಹಿ ಮಾಡಿ, ಹೆಸರಿನ ಮುಂದೆ ಬಿ.ಎ., ಬಿ.ಎಡ್. ಎಂದು ಸೇರಿಸಿದೆ. ಅದನ್ನು ಯಾರೂ ಕೇಳಿರಲಿಲ್ಲ.

ದೋಣಿಯವನು ನಾನು ಬರೆಯುವುದನ್ನೇ ನೋಡುತ್ತಿದ್ದ. ಓದು ಬರುತ್ತಿತ್ತೋ ಇಲ್ಲವೋ. ಮುಗಿದ ಮೇಲೆ ಅವನು ಬೈಯಲಿಲ್ಲ, ಕೈ ಮುಗಿಯಲಿಲ್ಲ. "ಮಾಯಿ ಹೇಗಿದ್ದಾರೆ?" ಎಂದಷ್ಟೇ ಕೇಳಿದ. ಆಮೇಲೆ ಇಬ್ಬರು ಪೊಲೀಸರು ಕೆಳಗಿಳಿದು, ನೆಟ್ಟಗೆ ಮಾಡಿ ತಂದಿದ್ದ ಅವನ ದೋಣಿಗೆ ಸರಪಳಿ ಹಾಕಿ ಬೀಗ ಜಡಿದರು. ಎರಡು ಹುಟ್ಟುಗಳನ್ನು ಚೌಕಿಯ ಮೂಲೆಗೆ ಒರಗಿಸಿದರು. ಅವುಗಳಿಂದ ನೀರು ಹರಿದು ನನ್ನ ಕುರ್ಚಿಯ ತನಕ ಬಂತು.

ವಾಪಸು ಬರುವ ಗಾಡಿಯಲ್ಲಿ ಯಾರೂ ಪಾಠ ಕೇಳಲಿಲ್ಲ. ಅವ್ವ ಕಿಟಕಿಗೆ ಒರಗಿದ್ದಳು, ತಲೆಗೆ ಅದೇ ಕೆಂಪು ಟವಲು. ಎರಡನೆಯ ದಿನ ಮಧ್ಯಾಹ್ನ ಕೇಳಿದಳು: "ಅಂವಗ ಏನ ಮಾಡಿದ್ರು?"

"ದೋಣಿ ಹಿಡದಾರ. ಬಿಡ್ತಾರ," ಎಂದೆ.

"ಯಾಕ ಹಿಡದಾರ?"

ಮಾವ, "ಜಾಸ್ತಿ ಮಂದಿ ಕುಂದ್ರಿಸಿದ್ದ, ಅದಕ್ಕ" ಎಂದ.

"ಅಂವ ಕುಂದ್ರಿಸಿದ್ದನೇನು? ನಾವು ಕುಂತೀವಿ." ಅವ್ವ ನನ್ನ ಕಡೆ ತಿರುಗಿದಳು. "ನೀ ಏನ ಬರದಿ?"

ಹೇಳಿದೆ. ಅವ್ವ ಟವಲು ಬಿಚ್ಚಿ, ಮಡಚಿ, ತೊಡೆಯ ಮೇಲಿಟ್ಟುಕೊಂಡಳು. ಯಾದಗಿರಿಯ ತನಕ ನನ್ನ ಜೊತೆ ಮಾತಾಡಲಿಲ್ಲ. ಊರಿಗೆ ಬಂದು ಅದನ್ನು ಒಗೆದು ಟ್ರಂಕಿನಲ್ಲಿಟ್ಟಳು, ಅಪ್ಪ ತಲೆಗೆ ಸುತ್ತುತ್ತಿದ್ದ ಪಟಗದ ಪಕ್ಕದಲ್ಲಿ.

ತಿಂಗಳು ಕಳೆದ ಮೇಲೆ ನಾನು ಚೌಕಿಗೆ ಒಂದು ಕಾಗದ ಬರೆದೆ. ಎರಡು ಪುಟ, ಹಿಂದಿಯಲ್ಲಿ. ಎರಡು ದೋಣಿ ಮಾಡಿ ಎಂದಿದ್ದ, ನಾವೇ ಕೇಳಲಿಲ್ಲ. ಅಲುಗಬೇಡಿ ಎಂದಿದ್ದ, ನನಗೆ ಕೇಳಿಸಿತ್ತು. ಕೂಗಿದವಳು ನಾನು. ತಪ್ಪು ನಮ್ಮದು, ಅವನ ದೋಣಿಯನ್ನು ಬಿಟ್ಟುಬಿಡಿ. ಬರೆಯುವಾಗ ಕೈ ನಿಂತದ್ದು ಒಂದೇ ಕಡೆ. ಯಾರ ದೋಣಿ ಎಂದು ಬರೆಯಬೇಕಿತ್ತು, ನನಗೆ ಅವನ ಹೆಸರು ಗೊತ್ತಿರಲಿಲ್ಲ. ದೋಣಿಯ ಮೇಲೆ ಬರೆದಿದ್ದ ಸಂಖ್ಯೆಯೂ ನೆನಪಿರಲಿಲ್ಲ. ವರುಣಾ, ಅಸಿ, ಎಡದಂಡೆ, ಬಲದಂಡೆ, ಎಲ್ಲ ನೆನಪಿತ್ತು. ಕೊನೆಗೆ ಕೆಂಪು ಚೌಕಳಿಯ ಟವಲಿನವನು ಎಂದು ಬರೆದೆ. ಆ ಊರಲ್ಲಿ ಯಾವ ದೋಣಿಯವನ ತಲೆಗೆ ಅದಿಲ್ಲ?

ರಿಜಿಸ್ಟರ್ ಮಾಡಿದ್ದೆ. ತಲುಪಿದ ಚೀಟಿ ಬಂತು, ದುಂಡು ಮೊಹರು, ಓದಲಾಗದ ಒಂದು ಸಹಿ. ಉತ್ತರ ಬರಲಿಲ್ಲ. ಮತ್ತೆ ಬರೆದೆ, ಮತ್ತೆ ಚೀಟಿ ಬಂತು. ಹೋಗಬಹುದಿತ್ತು. ಮುಂದಿನ ದಸರೆ ರಜೆ ಬಂತು, ಅದರ ಮುಂದಿನದೂ ಬಂತು. ಪ್ರತಿ ಸಲ ಒಂದು ಕೆಲಸ ಅಡ್ಡ ಬಂತು. ಅಡ್ಡ ಬರಲಿ ಎಂದು ನಾನು ಕಾಯುತ್ತಿದ್ದೆ ಎನ್ನುವುದೇ ನಿಜ.

ಅವ್ವ ನನ್ನೊಡನೆ ಈಗ ಮಾತಾಡುತ್ತಾಳೆ, ಊಟಕ್ಕೆ ಕರೆಯುತ್ತಾಳೆ. ಜನರ ಮುಂದೆ ನನ್ನ ಓದಿನ ಬಗ್ಗೆ ಹೇಳುವುದನ್ನು ಮಾತ್ರ ಬಿಟ್ಟಿದ್ದಾಳೆ. ನಾನು ಊರಿಗೆ ಹೋದಾಗಲೆಲ್ಲ ಒಮ್ಮೆ ಕೇಳುತ್ತಾಳೆ: "ಅಂವಗ ದೋಣಿ ಸಿಕ್ಕಿತೇನು?" ನಾನು, "ತಿಳೀಲಿಲ್ಲವ್ವ" ಎನ್ನುತ್ತೇನೆ. ಇಲ್ಲಿಯವರೆಗೆ ಇದಕ್ಕೆ ಬೇರೆ ಉತ್ತರ ಇಲ್ಲ.

ಕಳೆದ ನಾಟಿಯ ಹೊತ್ತಿನಲ್ಲಿ ಅವಳನ್ನು ಕೆಂಭಾವಿಯ ದವಾಖಾನೆಗೆ ಕರೆದುಕೊಂಡು ಹೋಗಬೇಕಿತ್ತು. ಬಸ್ಸು ಸಿಗಲಿಲ್ಲ. ನಾಟಿಯವರ ಟಂಟಂನಲ್ಲಿ ಕೂತೆವು, ಅದೇ ಹೆಂಗಸರು, ಅವರ ಸೊಸೆಯರು. ಕಾಲುವೆ ತುಂಬಿ ಹರಿಯುತ್ತಿತ್ತು. ದಂಡೆಯ ಮೇಲೆ ಒಂದು ಕಡೆ ಮಣ್ಣು ಕುಸಿದಿತ್ತು, ಗಾಡಿ ನೀರಿನ ಕಡೆಗೆ ವಾಲಿತು. ಒಬ್ಬ ಸೊಸೆ ಕೂಗಿದಳು, ಎದುರ ಕಡಿ. ಎಲ್ಲರೂ ಸರಿದರು. ಅವ್ವನೂ ಸರಿದಳು, ಇದು ಗಾಡಿ, ದೋಣಿಯಲ್ಲ ಎಂದು ಅವಳಿಗೆ ಗೊತ್ತು. ಗಾಡಿ ನೆಟ್ಟಗಾಯಿತು, ಹೆಂಗಸರು ನಕ್ಕರು.

ನೀರಿನ ಕಡೆಯ ಮಗ್ಗುಲಲ್ಲಿ ನಾನೊಬ್ಬಳೇ ಉಳಿದಿದ್ದೆ. ಎರಡು ಕೈಯಲ್ಲೂ ಸೀಟಿನ ಕಬ್ಬಿಣ ಹಿಡಿದಿದ್ದೆ, ಬಿಡಿಸಲು ಬರುತ್ತಿರಲಿಲ್ಲ.

ಅವ್ವ ನನ್ನ ಬೆರಳುಗಳನ್ನು ನೋಡಿದಳು. ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ ಹೇಳಿದಳು: "ಈಗ ಕುಂದ್ರತಿ. ಅಂವ ಕುಂದ್ರು ಅಂದಾಗ ಕುಂದ್ರಲಿಲ್ಲ."

ಕೆಂಭಾವಿ ಬರುವ ತನಕ ಕಾಲುವೆ ನಮ್ಮ ಮಗ್ಗುಲಲ್ಲೇ ಇತ್ತು.